ಶನಿವಾರದ ನೀರು

ಕಾಮಾಲೆಯಾದವರ ಮನೆಗೆ ಬರುವವರೆಲ್ಲ ವೈದ್ಯರೇ. ಒಬ್ಬರು ಉಪ್ಪು ಬಿಡಿ ಎನ್ನುತ್ತಾರೆ, ಇನ್ನೊಬ್ಬರು ಎಣ್ಣೆ ಬಿಡಿ ಎನ್ನುತ್ತಾರೆ, ಮೂರನೆಯವರು ಕಬ್ಬಿನ ಹಾಲು ಕುಡಿದು ತಮ್ಮ ಮಾವನಿಗೆ ಎಂಟೇ ದಿನದಲ್ಲಿ ವಾಸಿಯಾದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ. ನನಗೆ ಆಗ ಬೇಕಾಗಿದ್ದದ್ದು ಇವರೆಲ್ಲ ಒಮ್ಮೆ ಎದ್ದು ಹೋಗುವುದು. ಆದ್ದರಿಂದ ನಾನಿಲ್ಲಿ ಯಾರಿಗೂ ಮದ್ದು ಹೇಳುವುದಿಲ್ಲ. ಮಲಗಿದ್ದಾಗ ಹೇಗಿತ್ತು, ಎದ್ದ ಮೇಲೆ ಏನು ಉಳಿಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ಹಳದಿ ಕಣ್ಣು ಬಿಟ್ಟುಕೊಂಡು ಗೋಡೆ ನೋಡುತ್ತಾ ಮಲಗಿದವರು ಯಾರಾದರೂ ಇದ್ದರೆ, ಆ ಗೋಡೆಯನ್ನು ನಾನೂ ನೋಡಿದ್ದೇನೆ ಎಂದು ತಿಳಿಯಲಿ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ನನಗೆ ನಲವತ್ತೆರಡು. ಮೊದಲು ಕೈಕೊಟ್ಟದ್ದು ಒಗ್ಗರಣೆ. ತೆಂಗಿನೆಣ್ಣೆ ಕಾಯುವ ವಾಸನೆಗೆ ಹೊಟ್ಟೆ ತೊಳಸಿ ಅಡುಗೆಮನೆಯಿಂದ ಹೊರಗೆ ಓಡುವ ಹಾಗಾಯಿತು. ಆಮೇಲೆ ಸುಸ್ತು. ಒಂದು ಕೊಡಪಾನ ನೀರು ತಂದಿಟ್ಟರೆ ಅರ್ಧ ಗಂಟೆ ಮೆಟ್ಟಿಲ ಮೇಲೆ ಕುಳಿತುಕೊಳ್ಳಬೇಕು. ಈ ವಯಸ್ಸಿನಲ್ಲಿ ಹೆಂಗಸರಿಗೆ ಹೀಗೆಲ್ಲ ಆಗುವುದುಂಟು ಎಂದು ನಾನೇ ಸಮಾಧಾನ ಮಾಡಿಕೊಂಡೆ. ನನ್ನ ಗಂಡ, ಅಂದರೆ ಇವರು, ಬಿಸಿಲಿಗೆ ಎಂದರು. ಸತ್ಯ ಹೇಳಿದವಳು ವಾರಿಜ. ಬಟ್ಟೆ ಒಣಗಿಸುವಲ್ಲಿ ಎದುರು ಸಿಕ್ಕಿದವಳು ಹತ್ತಿರ ಬಂದು ಮುಖ ನೋಡಿದಳು.

"ಲಲಿತಕ್ಕಾ, ನಿಮ್ಮ ಕಣ್ಣು ಎಂತ ಹೀಗುಂಟು? ಅರಸಿನ ಹಚ್ಚಿದ ಹಾಗೆ."

ಏನಿದ್ದರೂ ಮೊದಲು ಗೊತ್ತಾಗುವುದು ಅವಳಿಗೇ. ಅದನ್ನು ನಂಬುವ ಬುದ್ಧಿ ನಮಗೆ ಇರಲಿಲ್ಲ.

ವಾರಿಜ ನಮ್ಮ ಬಿಡಾರದಲ್ಲಿದ್ದ ಹುಡುಗಿ. ನಮ್ಮ ಕಡೆ ಬಾಡಿಗೆ ಮನೆಗೆ ಬಿಡಾರ ಎನ್ನುವುದು. ಪುತ್ತೂರು ಆಗ ದಿನಕ್ಕೊಂದು ಮನೆಯಂತೆ ಬೆಳೆಯುತ್ತಿತ್ತು. ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯ ಹಿಂದೆ ಇದ್ದದ್ದು ಗೇರುಗುಡ್ಡೆ. ಹತ್ತು ಹನ್ನೆರಡು ವರ್ಷದಲ್ಲಿ ಆ ಗುಡ್ಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮೇಲಿನವರೆಗೂ ಹಂಚಿನ ಮಾಡುಗಳಾದವು. ಬ್ಯಾಂಕಿನವರು, ಮಾಸ್ತರರು, ಬಸ್ಸಿನ ಆಫೀಸಿನವರು, ಕಾಲೇಜಿಗೆ ಹೋಗುವ ಮಕ್ಕಳಿರುವವರು, ಎಲ್ಲರಿಗೂ ಪೇಟೆಯಲ್ಲೊಂದು ಮನೆ ಬೇಕು. ಅದನ್ನು ನೋಡಿ ದೂರುವ ಅಧಿಕಾರ ನನಗಿಲ್ಲ. ನಾವೂ ಮನೆಯ ಹಿಂದಿನ ಮೇಲಿನ ತಟ್ಟಿನಲ್ಲಿ ಸಾಲಾಗಿ ನಾಲ್ಕು ಬಿಡಾರ ಕಟ್ಟಿಸಿದವರೇ.

ಬಸ್‌ಸ್ಟ್ಯಾಂಡಿನ ಹತ್ತಿರ ಇವರಿಗೆ ಪೈಪು, ಮೊಳೆ, ಸಿಮೆಂಟು ಮಾರುವ ಅಂಗಡಿ. ಹಾಗಾಗಿ ಕಟ್ಟುವುದರಲ್ಲಿ ತನಗಿಂತ ತಿಳಿದವರಿಲ್ಲ ಎಂಬ ಹೆಮ್ಮೆ. ಬಿಡಾರದ ಹಿಂದೆ ಎರಡು ಕಕ್ಕಸು, ಅವಕ್ಕೊಂದು ಗುಂಡಿ. ಗುಂಡಿ ತೋಡಲು ಐತಪ್ಪ ಬಂದಿದ್ದ. ಬಾವಿ, ಗುಂಡಿ ಎಂದರೆ ಆಗ ನಮ್ಮ ಕಡೆಯವರೆಲ್ಲ ಅವನನ್ನೇ ಕರೆಯುವುದು. ಎರಡಾಳು ಆಳ ಹೋಗುವಾಗ ಕೆಂಪು ಮುರಕಲ್ಲಿನಲ್ಲಿ ಒಂದು ಮಾಟೆ ಸಿಕ್ಕಿತು. ಮಾಟೆ ಎಂದರೆ ಕಲ್ಲಿನೊಳಗೆ ತಾನಾಗಿ ಇರುವ ತೂತು. ಕೈ ಹಾಕಿದರೆ ಮೊಣಕೈವರೆಗೆ ಹೋಗುತ್ತಿತ್ತು. ನಾಲ್ಕು ಕೊಡ ನೀರು ಹೊಯ್ದು ನೋಡಿದರು. ಗಟಗಟ ಎಂದು ಕುಡಿದುಬಿಟ್ಟಿತು. ಇವರಿಗೆ ಆದ ಸಂತೋಷ ಹೇಳತೀರದು. ಐತಪ್ಪನಿಗೆ ಚಾ, ಬನ್ಸ್ ತರಿಸಿಕೊಟ್ಟರು. ನಾನೂ ಬಾಗಿ ನೋಡಿ ಖುಷಿಪಟ್ಟೆ. ಕಕ್ಕಸಿನ ಗುಂಡಿ ತುಂಬುವುದು, ಅದನ್ನು ಖಾಲಿ ಮಾಡಿಸುವುದು ಎಂದರೆ ಮನೆಯ ಹೆಂಗಸಿಗೆ ಎಂಥ ತಲೆನೋವೆಂದು ಬಲ್ಲವರು ಬಲ್ಲರು. ಆ ತಲೆನೋವು ಈ ಜನ್ಮಕ್ಕೆ ಮುಗಿಯಿತು ಎಂದುಕೊಂಡೆವು. ಅಂಗಡಿಗೆ ಪೈಪು ಕೊಳ್ಳಲು ಬಂದವರಿಗೆಲ್ಲ ಇವರು ಹೇಳುತ್ತಿದ್ದರಂತೆ, ನಮ್ಮ ಗುಂಡಿ ತುಂಬುವುದೇ ಇಲ್ಲ ಎಂದು. ತೋಡಿಸಿದರೆ ಹಾಗೆ ತೋಡಿಸಬೇಕು ಎಂದು ಕೆಲವರು ನೋಡಿಕೊಂಡು ಹೋಗಲೂ ಬಂದಿದ್ದರು.

ನಮ್ಮ ಬಾವಿ ಇದ್ದದ್ದು ಕೆಳಗೆ, ಮನೆಯ ಎದುರು. ಅದೂ ನಮಗೆ ಹೆಮ್ಮೆಯೇ. ಸುತ್ತಲಿನವು ಬತ್ತಿದರೂ ಅದು ಬತ್ತಿದ್ದಿಲ್ಲ. ಯಾರು ಮನೆಗೆ ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು. ಕುಡಿದವರು ನೀರನ್ನು ಹೊಗಳದೆ ಹೋದರೆ ನನಗೆ ಏನೋ ಕಡಿಮೆಯಾದ ಹಾಗೆ. ಬಿಡಾರದವರೂ ಅದೇ ಬಾವಿಯಿಂದ ಸೇದಿಕೊಂಡು ಹೋಗುವುದು.

ವಾರಿಜನ ಊರು ಕಾಣಿಯೂರಿನ ಹತ್ತಿರ. ಗಂಡ ಬಸ್ಸಿನ ಆಫೀಸಿನಲ್ಲಿ ಗುಮಾಸ್ತ. ಇಪ್ಪತ್ತೆರಡರ ಹುಡುಗಿ, ಮಾತು ಕಡಿಮೆ, ಕೆಲಸ ಚುರುಕು. ನನಗೆ ಮಕ್ಕಳಿಲ್ಲ. ಅದನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ, ಅವಳು ಬಸುರಿಯಾದಾಗ ನಾನು ಸ್ವಲ್ಪ ಅತಿಯಾಗಿಯೇ ಆಡಿದೆ ಎಂಬುದನ್ನು ನಾನೇ ಒಪ್ಪಿಕೊಳ್ಳಬೇಕು. ಸೀಮಂತ ಕಳೆದ ಮೇಲೆ ಅವಳನ್ನು ಕರೆದುಕೊಂಡು ಹೋಗಲು ತಾಯಿ ಬಂದಾಗ ತಡೆದವಳು ನಾನು. ಮಳೆ ಹಿಡಿದ ಮೇಲೆ ಆ ಕಡೆಯಿಂದ ಜೀಪು ಸಿಕ್ಕುವುದು ಯಾವಾಗ, ಹೊಳೆ ದಾಟುವುದು ಯಾವಾಗ, ಇಲ್ಲಾದರೆ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ ಎಂದು ವಾದ ಮಾಡಿದೆ. ಚೊಚ್ಚಲ ಹೆರಿಗೆ ತಾಯಿ ಮನೆಯಲ್ಲೇ ಆಗಬೇಕೆಂದು ಆ ತಾಯಿಗೆ ಎಷ್ಟು ಆಸೆಯಿತ್ತೋ. ಕೊನೆಗೆ ನಿಮ್ಮ ಧೈರ್ಯದಲ್ಲಿ ಬಿಟ್ಟು ಹೋಗ್ತೇನೆ ಎಂದು ಹೇಳಿ, ನಮ್ಮ ಜಗಲಿಯಲ್ಲಿ ಬೆಲ್ಲ ನೀರು ಕುಡಿದು ಬಸ್ಸು ಹತ್ತಿದರು.

ಇದಕ್ಕೂ ಮೊದಲು, ಬಸುರಿಗೆ ನಾಲ್ಕೋ ಐದೋ ತಿಂಗಳಿದ್ದಾಗ, ಅವಳು ಒಂದು ದಿನ ಹೇಳಿದ್ದಳು.

"ಅಕ್ಕ, ನೀರು ಫಿನಾಯಿಲು ವಾಸನೆ ಬರ್ತದೆ."

ನಾನು ನಕ್ಕೆ. "ಬಸುರಿ ಮೂಗಿಗೆ ದೇವಸ್ಥಾನದ ಗಂಧವೂ ವಾಸನೆಯೇ ಮಾರಾಯ್ತಿ."

ಮುಂದಿನ ವಾರ ಮತ್ತೆ ಲೋಟ ಹಿಡಿದುಕೊಂಡು ಬಂದಳು. ಮೂಸಿ ನೋಡಿದೆ. ನನಗೇನೂ ಗೊತ್ತಾಗಲಿಲ್ಲ. ಕೊಡಪಾನ ಸರಿ ತೊಳೆದಿಲ್ಲ ನೀನು ಎಂದೆ. ಅವಳ ಗಂಡನಿಗೆ ನಾಚಿಕೆಯಾಗಿ, ಓನರ ಬಾವಿಗೆ ಹೆಸರಿಡುತ್ತೀಯಾ ಎಂದು ಗದರಿದನಂತೆ. ಇವರಂತೂ ಸಿಕ್ಕವರಿಗೆಲ್ಲ ಇದನ್ನೊಂದು ತಮಾಷೆಯಾಗಿ ಹೇಳಿಕೊಂಡು ತಿರುಗಿದರು. ಮೂರನೆಯ ಸಲ ಬಂದು, ಶನಿವಾರ ಮಾತ್ರ ಹಾಗಾಗುವುದು ಎಂದಳು. ಶನಿವಾರ ನೀರಿಗೆ ರಜೆಯಾ ಎಂದು ಇವರು ಕೇಳಿದರು. ಆಮೇಲೆ ಅವಳು ಹೇಳುವುದು ಬಿಟ್ಟಳು. ನಾವು ಕುಡಿದ ಹಾಗೆ ಅವಳೂ ಕುಡಿದಳು. ಅಭ್ಯಾಸವಾಯಿತು ನೋಡಿ ಎಂದು ನಾನು ಗೆದ್ದವಳ ಹಾಗೆ ಇವರಿಗೆ ಹೇಳಿದ್ದೆ.

ಶುಕ್ರವಾರ ಸಂಜೆ ಮೇಲಿನ ಕಕ್ಕಸು ತೊಳೆದು ಫಿನಾಯಿಲು ಹೊಯ್ಯುವುದು ನನ್ನ ಕ್ರಮ. ಎರಡನ್ನೂ ಸೇರಿಸಿ ನೋಡಲು ದೊಡ್ಡ ವಿದ್ಯೆ ಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವ ಬೆಂಚಿನ ಮೇಲೆ ನನಗೆ ಮೊದಲು ಅಂಜಿಕೆಯಾಯಿತು. ನನ್ನನ್ನು ನೋಡಿ ಅಲ್ಲ, ಪಕ್ಕದವರನ್ನು ನೋಡಿ. ಬೆಂಚಿನಲ್ಲಿದ್ದ ಆರು ಮಂದಿಯಲ್ಲಿ ನಾಲ್ವರ ಕಣ್ಣು ನನ್ನ ಹಾಗೆಯೇ. ಎಲ್ಲಿಯವರು ಎಂದು ವಿಚಾರಿಸಿದರೆ ಎಲ್ಲರೂ ಪೇಟೆಯ ಸುತ್ತ ಹೊಸದಾಗಿ ಎದ್ದ ಮನೆಗಳವರು. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು ತನ್ನ ಸರದಿ ಬಂದರೂ ಏಳಲಾರದೆ, ನೀವೇ ಹೋಗಿ ಎಂದು ನನ್ನನ್ನು ಕಳಿಸಿದಳು. ಸರದಿಗೆ ಜಗಳವಾಡುವ ಶಕ್ತಿಯೂ ಇಲ್ಲದವರ ಬೆಂಚು ಅದು.

ಡಾಕ್ಟರು ವಯಸ್ಸಾದವರು, ಮಾತಿನಲ್ಲಿ ಬಿಗುವು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಮಲಗಬೇಕು ಎಂದರು. ಆಮೇಲೆ ನೀರು ಎಲ್ಲಿಂದ ಎಂದು ಕೇಳಿದರು. ನಮ್ಮದೇ ಬಾವಿ ಎಂದೆ. ಕಕ್ಕಸಿನ ಗುಂಡಿ ಎಲ್ಲಿ ಎಂದರು. ಮೇಲಿನ ತಟ್ಟಿನಲ್ಲಿ ಎಂದೆ. ಅವರ ಮುಖ ನೋಡಿ, ನಮ್ಮದನ್ನು ಎಲ್ಲರ ಗುಂಡಿಯ ಹಾಗೆ ಎಣಿಸಿದರೋ ಏನೋ ಎಂದು ಬೇಸರವಾಗಿ, ಇನ್ನೊಂದು ಮಾತು ಸೇರಿಸಿದೆ.

"ಆದ್ರೆ ನಮ್ಮ ಗುಂಡಿ ತುಂಬುದೇ ಇಲ್ಲ ಡಾಕ್ಟ್ರೆ."

ಅವರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದರು.

"ತುಂಬುದಿಲ್ಲ ಅಂದ್ರೆ ಅದು ಹೋಗುದು ಎಲ್ಲಿಗಮ್ಮ?"

ಗುಂಡಿ ತೋಡಿಸಿದ ಎಂಟು ವರ್ಷದಲ್ಲಿ ನಾವು ಕೇಳಿಕೊಳ್ಳದ ಪ್ರಶ್ನೆ. ವಾರ್ಡಿನ ಮಂಚದ ಮೇಲೆ ಮಲಗಿ ಗೋಡೆ ನೋಡುತ್ತಾ ಅದನ್ನೇ ಯೋಚಿಸಿದೆ. ಮುರಕಲ್ಲಿನ ಮಾಟೆ, ಗಟಗಟ ಎಂದು ಕುಡಿದ ನಾಲ್ಕು ಕೊಡ ನೀರು, ಶುಕ್ರವಾರದ ಫಿನಾಯಿಲು, ಶನಿವಾರದ ವಾಸನೆ. ಸಂಜೆಯ ಹೊತ್ತಿಗೆ ಎಲ್ಲ ಸಾಲಾಗಿ ಬಂದು ನಿಂತವು. ಎದ್ದು ಹೋಗಿ ವಾಂತಿ ಮಾಡಿದೆ. ಕಾಮಾಲೆಯ ವಾಂತಿ ಎಂದು ಸಿಸ್ಟರು ಬೆನ್ನು ಸವರಿದಳು.

ಇವರು ಬಂದಾಗ ಹೇಳಿದೆ. ಒಪ್ಪಲಿಲ್ಲ. ನೀರು ಕನ್ನಡಿಯ ಹಾಗಿದೆ, ಅಡಿಯ ಕಲ್ಲು ಕಾಣುತ್ತದೆ, ಡಾಕ್ಟರಿಗೆ ಕಲ್ಲು ಮಣ್ಣಿನ ವಿಷಯ ಎಂತ ಗೊತ್ತು ಎಂದರು. ಆಮೇಲೆ ದನಿ ತಗ್ಗಿಸಿ, ಈಗಲೇ ಯಾರ ಹತ್ತಿರವೂ ಬಾಯಿ ಬಿಡಬೇಡ, ನೀನು ಮನೆಗೆ ಬಾ, ಆಮೇಲೆ ನೋಡುವ ಎಂದರು. ಗುಂಡಿಯನ್ನು ಊರಿಗೆಲ್ಲ ಹೊಗಳಿಕೊಂಡ ಬಾಯಿಯಲ್ಲಿ ಬೇರೆ ಮಾತು ಬರುವುದಕ್ಕೆ ಸಮಯ ಬೇಕಿತ್ತು. ನಾನು ಹೂಂ ಎಂದೆ. ಸುಸ್ತಾಗಿತ್ತು ಎಂದು ಹೇಳಬಹುದು. ಸುಸ್ತು ಇದ್ದದ್ದೂ ಹೌದು. ಆದರೆ ನನಗೂ ನಾಚಿಕೆಯೇ ಆದದ್ದು.

ವಾರಿಜ ದಿನಾ ಮಧ್ಯಾಹ್ನ ಉಪ್ಪು ಹಾಕದ ಗಂಜಿ ತರುತ್ತಿದ್ದಳು. ಏಳು ದಾಟಿದ ಹೊಟ್ಟೆ ಹೊತ್ತುಕೊಂಡು, ಬಿಸಿಲಿನಲ್ಲಿ, ಒಂದು ಕೈಯಲ್ಲಿ ತೂಕುಪಾತ್ರೆ, ಇನ್ನೊಂದರಲ್ಲಿ ಕೊಡೆ. ಅವಳ ಅಜ್ಜಿಗೆ ಕಾಮಾಲೆಯ ಮದ್ದು ಗೊತ್ತಿತ್ತಂತೆ, ಊರಿಂದ ನೆಲನೆಲ್ಲಿ ತರಿಸಿ ಅರೆದು ಮಜ್ಜಿಗೆಯಲ್ಲಿ ಕಲಸಿ ತಂದಿದ್ದಳು. ಮಂಚದ ಪಕ್ಕ ಕುಳಿತು ನನಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ಅವಳ ಹೊಟ್ಟೆ ನೋಡುತ್ತಿದ್ದೆ. ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅವಳು ಪಾತ್ರೆ ತೊಳೆದು ಹೊರಡುತ್ತಿದ್ದಳು, ಮನೆಗೆ ಹೋಗಿ ಬಾಯಾರಿ ನಮ್ಮ ಬಾವಿಯ ನೀರನ್ನೇ ಕುಡಿಯುತ್ತಿದ್ದಳು. ಹೀಗೆ ನಾಲ್ಕು ದಿನ. ಕಾಯಿಲೆಯ ಕಥೆ ಹೇಳುವವರು ನೋವಿನ ದಿನಗಳನ್ನು ಲೆಕ್ಕ ಹಾಕುತ್ತಾರೆ. ನಾನು ಹಾಕಿದ ಲೆಕ್ಕ ಈ ನಾಲ್ಕು ದಿನದ್ದು.

ಐದನೆಯ ದಿನ ಹೇಳಿದೆ. ನೀರು ಕುದಿಸದೆ ಕುಡಿಯಬೇಡ ಎಂದು ಶುರು ಮಾಡಿ, ಮಾಟೆಯವರೆಗೆ ಎಲ್ಲವನ್ನೂ ಹೇಳಿದೆ. ಅವಳು ಚಮಚ ಕೆಳಗಿಟ್ಟಳು. ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡೆ.

"ನಾನು ಹೇಳಿದ್ದೆ ಅಲ್ವಾ ಅಕ್ಕ," ಎಂದಳು.

ಅಷ್ಟೇ. ಉಳಿದ ಗಂಜಿಯನ್ನೂ ಕುಡಿಸಿಯೇ ಹೋದಳು.

ಅದೇ ವಾರ ಇವರು ತಾವಾಗಿಯೇ ಐತಪ್ಪನನ್ನು ಕರೆಸಿ, ಒಂದು ಡಬ್ಬಿ ಫಿನಾಯಿಲು ಪೂರ್ತಿ ಗುಂಡಿಗೆ ಹೊಯ್ಯಿಸಿದರಂತೆ. ಮರುದಿನ ಬಾವಿಯಿಂದ ಸೇದಿದ ನೀರು ಅಂಗಳದವರೆಗೆ ವಾಸನೆ ಹೊಡೆಯಿತು. ಇವರು ಬಾವಿಕಟ್ಟೆಯ ಮೇಲೆ ಕುಳಿತವರು ಅಂಗಡಿ ತೆರೆಯಲು ಹೋಗಲಿಲ್ಲ ಎಂದು ಐತಪ್ಪ ಆಮೇಲೆ ನನಗೆ ಹೇಳಿದ. ಸಂಜೆ ಬಿಡಾರದ ಬಾಗಿಲು ಬಾಗಿಲಿಗೂ ಹೋಗಿ, ಬಾವಿಗೆ ಯಾರೂ ಕೊಡಪಾನ ಇಳಿಸಬೇಡಿ, ತಪ್ಪು ನನ್ನದು ಎಂದು ಹೇಳಿದರಂತೆ. ಮನುಷ್ಯ ತಡವಾಗಿಯಾದರೂ ಹೇಳಿದ. ನಾನೂ ತಡವಾಗಿಯೇ ಹೇಳಿದವಳು, ಅವರನ್ನು ಅನ್ನುವ ಬಾಯಿ ನನಗಿಲ್ಲ.

ನಾನು ಮನೆಗೆ ಬಂದ ಮೂರನೆಯ ದಿನ ವಾರಿಜನಿಗೆ ಜ್ವರ. ಅದರ ಹಿಂದೆಯೇ ಕಣ್ಣು ಹಳದಿ. ಬಸುರಿಯರಿಗೆ ಇದು ಬಂದರೆ ಬೇರೆಯವರ ಹಾಗಲ್ಲ ಎಂದು ಡಾಕ್ಟರು ಒಂದು ಕ್ಷಣವೂ ತಡಮಾಡದೆ ಮಂಗಳೂರಿಗೆ ಕಳಿಸಿದರು. ನಾನು ಜೊತೆಗೆ ಹೋಗುತ್ತೇನೆಂದು ಎದ್ದು ನಿಂತೆ. ಬಾಗಿಲವರೆಗೆ ಹೋಗುವಷ್ಟರಲ್ಲಿ ಕಾಲು ಕುಸಿಯಿತು. ಕಾರು ಅವಳನ್ನು ಹತ್ತಿಸಿಕೊಂಡು ಇಳಿಜಾರಿನಲ್ಲಿ ತಿರುಗುವುದನ್ನು ಹೊಸ್ತಿಲ ಮೇಲೆ ಕುಳಿತು ನೋಡಿದೆ.

ಇವರು ದಿನಾ ಮಂಗಳೂರಿಗೆ ಹೋಗಿ ಬರುತ್ತಿದ್ದರು. ಬಸ್ಸಿಳಿದು ಬರುವ ನಡಿಗೆಯಲ್ಲೇ ನನಗೆ ಸುದ್ದಿ ತಿಳಿಯುತ್ತಿತ್ತು. ಮೊದಲ ದಿನ, ಮಾತಾಡುತ್ತಾಳೆ. ಎರಡನೆಯ ದಿನ, ಗುರುತು ಹಿಡಿಯುವುದಿಲ್ಲ. ನಾಲ್ಕನೆಯ ದಿನ ಚಪ್ಪಲಿ ಬಿಟ್ಟು ಒಳಗೆ ಬಂದವರು, ಮಗು ಉಳಿಯಲಿಲ್ಲ ಎಂದು ಹೇಳಿ ಸ್ನಾನಕ್ಕೆ ಹೋದರು. ಗಂಡು ಮಗುವಂತೆ. ಆಮೇಲೆ ಇನ್ನೂ ಆರು ದಿನ ಅವಳು ಕಣ್ಣು ಬಿಡಲಿಲ್ಲ. ಆ ಆರು ದಿನ ನಾನು ಮದ್ದು, ಪಥ್ಯ, ಗಂಜಿ ಎಲ್ಲವನ್ನೂ ಯಂತ್ರದ ಹಾಗೆ ನುಂಗಿದೆ. ನನ್ನ ಕಣ್ಣಿನ ಹಳದಿ ಇಳಿಯುತ್ತಿತ್ತು. ಕನ್ನಡಿಯಲ್ಲಿ ಅದು ಕಡಿಮೆಯಾಗುವುದನ್ನು ನೋಡಲು ನನಗೆ ಹೇಸಿಗೆಯಾಗುತ್ತಿತ್ತು. ಏಳನೆಯ ದಿನ ಇವರು ಅಂಗಳದಿಂದಲೇ ಹೇಳಿದರು, ಕಣ್ಣು ಬಿಟ್ಟಳು ಎಂದು. ಅಂದು ಮೊದಲ ಬಾರಿಗೆ ನನಗೆ ಅಳು ಬಂತು.

ಕೆಲವು ದಿನ ಕಳೆದು ಅವಳ ತಾಯಿ ಬಿಡಾರ ಖಾಲಿ ಮಾಡಲು ಬಂದರು. ವಾರಿಜನನ್ನು ನೇರವಾಗಿ ಕಾಣಿಯೂರಿಗೆ ಕರೆದುಕೊಂಡು ಹೋಗುವುದಂತೆ. ಪಾತ್ರೆಪರಡಿ ಕಟ್ಟಿ, ಕೊಡಪಾನವನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಜಗಲಿಯ ಮುಂದೆ ನಿಂತರು. ನಾನು ಒಳಗೆ ಹೋಗಲಿಲ್ಲ. ಮನೆಗೆ ಬಂದವರಿಗೆ ನಾನು ಬೆಲ್ಲ ನೀರು ತಾರದೆ ನಿಂತದ್ದು ಅದೇ ಮೊದಲು. ಅವರ ಕೈ ಹಿಡಿದುಕೊಂಡೆ.

"ಅವಳೊಬ್ಬಳು ಸಿಕ್ಕಿದಳಲ್ಲ ಅಮ್ಮ. ಇನ್ನು ನಾನು ಎಂತದೂ ಕೇಳುದಿಲ್ಲ," ಎಂದರು. ಕೈ ಬಿಡಿಸಿಕೊಂಡು ಹೋದರು.

ಡಾಕ್ಟರ ಹತ್ತಿರ ಒಮ್ಮೆ ಕೇಳಿಯೇ ಬಿಟ್ಟೆ, ನಾನು ಆ ಮೊದಲ ದಿನವೇ ಹೇಳಿದ್ದರೆ ಎಂದು. ಈ ಕಾಯಿಲೆ ಒಳಗೆ ಸೇರಿ ವಾರಗಟ್ಟಲೆ ಆದ ಮೇಲೆ ಹೊರಗೆ ಕಾಣುವುದು, ಆ ನಾಲ್ಕು ದಿನದಿಂದ ಏನೂ ಬದಲಾಗುತ್ತಿರಲಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದಲ್ಲ, ಸುಳ್ಳು ಹೇಳುವವರೂ ಅಲ್ಲ. ಆದರೆ ಆ ಉತ್ತರದಿಂದ ನನಗೆ ನಿದ್ದೆ ಬಂತು ಎಂದುಕೊಳ್ಳಬೇಡಿ. ನಾಲ್ಕು ದಿನದ ಮಾತು ಬಿಟ್ಟರೆ ಅದರ ಹಿಂದಿನ ಶನಿವಾರಗಳು ಬಂದು ನಿಲ್ಲುತ್ತವೆ. ಲೋಟ ಹಿಡಿದುಕೊಂಡು ಬಂದ ಹುಡುಗಿಯನ್ನು ನಗಾಡಿ ಕಳಿಸಿದ ಶನಿವಾರಗಳು.

ಗುಣವಾಗುವುದೂ ಒಂದು ಕೆಲಸ. ಎರಡು ತಿಂಗಳ ಮೇಲೆ ಗಂಜಿಗೆ ನಾಲ್ಕು ಹರಳು ಉಪ್ಪು ಹಾಕಿಕೊಂಡ ದಿನ ನಾಲಿಗೆ ನನ್ನದೇ ಎಂದು ಅನ್ನಿಸಿತು. ಮೂರು ತಿಂಗಳಿಗೆ ಬಾವಿಕಟ್ಟೆಯವರೆಗೆ ನಡೆದೆ. ಆ ಸುಸ್ತು ಮಾತ್ರ ಪೂರ್ತಿ ಹೋಗಲೇ ಇಲ್ಲ. ಈಗಲೂ ಮಧ್ಯಾಹ್ನವಾದರೆ ಗೋಡೆಗೆ ಒರಗಿ ಕುಳಿತುಕೊಳ್ಳಬೇಕು. ಇವರು ಗುಂಡಿಯನ್ನು ಮುಚ್ಚಿಸಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಕಕ್ಕಸನ್ನು ಮನೆಯ ಕೆಳಗಿನ ಮೂಲೆಗೆ ತಂದು, ಅಡಿಗೆ ಸಿಮೆಂಟು ಬಳಿದ ತೊಟ್ಟಿ ಕಟ್ಟಿಸಿದರು. ಅದು ತುಂಬುತ್ತದೆ. ತುಂಬಿದಾಗಲೆಲ್ಲ ತಲೆನೋವು. ಬೆಳಿಗ್ಗೆ ಎದ್ದು ಹಂಡೆಯಲ್ಲಿ ಕುಡಿಯುವ ನೀರು ಕುದಿಸುವ ಕೆಲಸ ಇವರೇ ವಹಿಸಿಕೊಂಡರು, ಒಂದು ದಿನವೂ ತಪ್ಪಿಸಿದ್ದಿಲ್ಲ. ಅಂಗಡಿಯಲ್ಲಿ ಯಾರಾದರೂ ತಮ್ಮ ಗುಂಡಿಗೆ ಮಾಟೆ ಸಿಕ್ಕಿತು ಎಂದು ಖುಷಿಯಿಂದ ಹೇಳಿದರೆ, ನಿಮ್ಮ ಕೆಳಗಿನ ಬಾವಿ ಯಾರದ್ದು ಎಂದು ಕೇಳುತ್ತಿದ್ದರು. ಹೆಚ್ಚಿನವರು ಮುಖ ಗಂಟಿಕ್ಕಿ ಹೋಗುತ್ತಿದ್ದರು. ಗುಡ್ಡೆಯ ಮೇಲೆ ಮನೆಗಳೂ ಗುಂಡಿಗಳೂ ಏರುತ್ತಲೇ ಹೋದವು.

ಐದಾರು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಗೇಟಿನ ಹತ್ತಿರ ವಾರಿಜ ನಿಂತಿದ್ದಳು. ಸೆರಗು ಹಿಡಿದುಕೊಂಡು ಮೂರು ವರ್ಷದ ಹೆಣ್ಣು ಮಗು. ಜವಳಿ ತೆಗೆಯಲು ಪೇಟೆಗೆ ಬಂದವರು ನೋಡಿಕೊಂಡು ಹೋಗುವ ಎಂದು ಬಂದದ್ದಂತೆ. ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿದ್ದಳು. ಇವರು ಜಗಲಿಯ ಕಂಬ ಹಿಡಿದು ನಿಂತೇ ಇದ್ದರು. ಕೊನೆಗೆ ನಾನು ಒಳಗೆ ಹೋಗಿ ಬೆಲ್ಲ, ಒಂದು ಲೋಟ ನೀರು ತಂದಿಟ್ಟೆ. ಕುದಿಸಿದ್ದು ಎಂದು ಹೇಳಬೇಕೆಂದು ಬಾಯವರೆಗೆ ಬಂತು. ಈ ಮನೆಯ ನೀರಿಗೆ ಭರವಸೆ ಕೊಡಲು ನಾನು ಯಾರು ಎಂದು ಸುಮ್ಮನಾದೆ.

ಅವಳು ಬೆಲ್ಲ ಮುರಿದು ಮಗುವಿಗೆ ಕೊಟ್ಟು, ತಾನೂ ಬಾಯಿಗೆ ಹಾಕಿಕೊಂಡಳು. ಆಮೇಲೆ ಲೋಟವನ್ನು ಮೂಗಿನ ಹತ್ತಿರ ಹಿಡಿದು, ನಮ್ಮಿಬ್ಬರ ಎದುರೇ, ನಿಧಾನವಾಗಿ ಮೂಸಿ ನೋಡಿದಳು. ಕೆಳಗಿಟ್ಟಳು. ಚೀಲದಿಂದ ಬಾಟಲಿ ತೆಗೆದು ಮಗುವಿಗೆ ಅದರಿಂದ ನೀರು ಕುಡಿಸಿದಳು.

"ಬೇಸರ ಮಾಡ್ಬೇಡಿ ಲಲಿತಕ್ಕ."

"ಇಲ್ಲ ಮಗಳೇ. ಯಾರು ಹೇಳಿದ್ರೂ ಕುಡೀಬೇಡ," ಎಂದೆ.

ಸ್ವಲ್ಪ ಹೊತ್ತು ಕುಳಿತಿದ್ದಳು. ಅಜ್ಜಿ ತೀರಿಹೋದದ್ದು, ಗಂಡನಿಗೆ ಸುಳ್ಯಕ್ಕೆ ವರ್ಗವಾದದ್ದು, ಇಂಥವೇ ಮಾತುಗಳು. ಹೋಗುವಾಗ ಮಗುವಿನ ಕೈಯಿಂದ ನನಗೆ ಟಾಟಾ ಮಾಡಿಸಿದಳು. ಅವರು ರಸ್ತೆ ತಿರುಗಿದ ಮೇಲೆ ನಾನು ಜಗಲಿಗೆ ಬಂದು ಆ ಲೋಟ ಎತ್ತಿಕೊಂಡೆ. ಬಾಳೆಬುಡಕ್ಕೆ ಚೆಲ್ಲುವ ಮೊದಲು ಮೂಗಿನ ಹತ್ತಿರ ಹಿಡಿದು ನೋಡಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ಆಗಲೂ ಬಂದಿರಲಿಲ್ಲ.